ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರ

ಡಿ.ಬಿ. ಚಂದ್ರೇಗೌಡರು 2023ರ ನವೆಂಬರ್ 7ರಂದು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ನಮ್ಮ ಕಡೆ ಅದು ಅರೇಬಿಕಾ ಹಣ್ಣು ಕೆಂಪೇರುವ ಹೊತ್ತು. ನಾನು ಕಾಫಿ ಕಣ ಸಾರಿಸಲು ಆಳುಗಳನ್ನು ಹೊಂದಿಸುವ ಓಡಾಟದಲ್ಲಿದ್ದೆ. ಸುದ್ದಿ ತಿಳಿಸಲು ಫೋನ್ ಮಾಡಿದ ನೆಂಟರು ಹೇಳಿದ್ದು ಒಂದೇ ಸಾಲು: 'ಇಂದಿರಮ್ಮನಿಗೆ ಸೀಟು ಬಿಟ್ಟುಕೊಟ್ಟೋರು ಹೋಗಿಬಿಟ್ಟರಂತೆ.' ಅಂದು ಸಂಜೆಯ ಟಿವಿಯಲ್ಲಿ, ಮರುದಿನದ ಪತ್ರಿಕೆಗಳಲ್ಲಿ ಕೂಡ ಮೊದಲ ಸಾಲು ಹೆಚ್ಚುಕಡಿಮೆ ಅದೇ ಆಗಿತ್ತು. ಎಂಬತ್ತೇಳು ವರ್ಷ ಬದುಕಿದ, ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಈ ನಾಲ್ಕೂ ಸದನಗಳಲ್ಲಿ ಕೂತೆದ್ದ, ಒಂದು ವಿಧಾನಸಭೆಗೆ ಸಭಾಧ್ಯಕ್ಷರೇ ಆಗಿದ್ದ ಮನುಷ್ಯನನ್ನು ಇಡೀ ನಾಡು ಅವರು ಪಡೆದುಕೊಂಡ ಯಾವ ಸ್ಥಾನದಿಂದಲೂ ನೆನೆಯದೆ, ಬಿಟ್ಟ ಒಂದು ಸ್ಥಾನದಿಂದಲೇ ನೆನೆಯಿತು. ಅವರು ಬಿಟ್ಟ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಿಂದ ಇಂದಿರಾ ಗಾಂಧಿಯವರು ನಿಂತ ಆ ಉಪಚುನಾವಣೆಯ ಮತದಾನ ನಡೆದದ್ದು 1978ರ ನವೆಂಬರ್ 5ರಂದು. ಅದಕ್ಕೆ ನಲವತ್ತೈದು ವರ್ಷ ತುಂಬಿ ಎರಡು ದಿನವಾಗಿತ್ತಷ್ಟೆ. ಆ ನೆನಪು ಸುಳ್ಳಲ್ಲ, ಆದರೆ ಅದರಲ್ಲಿ ಚಂದ್ರೇಗೌಡರು ಇರುವುದು ಬಹಳ ಸ್ವಲ್ಪ ಎಂದು ಅಂದಿನಿಂದ ನನಗೆ ಅನ್ನಿಸುತ್ತಲೇ ಇದೆ.

1978ರಲ್ಲಿ ನನಗೆ ಒಂಬತ್ತು ವರ್ಷ. ಮಳೆ ಹಿಂದಾಗಿ ರಸ್ತೆಯ ಕೆಸರು ಇನ್ನೂ ಪೂರ್ತಿ ಗಟ್ಟಿಯಾಗಿರದ ಆ ದಿನಗಳಲ್ಲಿ ನಮ್ಮ ಊರಿನ ಮಣ್ಣುದಾರಿಯಲ್ಲಿ ಅದುವರೆಗೆ ಕಂಡರಿಯದಷ್ಟು ಜೀಪುಗಳು ಓಡಾಡಿದವು. ಮೈಕಿನಲ್ಲಿ ಕನ್ನಡದ ಜೊತೆಗೆ ಹಿಂದಿಯೂ ಕೇಳುತ್ತಿತ್ತು. 'ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್' ಎಂಬ ಘೋಷಣೆಯ ಅರ್ಥ ತಿಳಿಯದಿದ್ದರೂ ನಾವು ಹುಡುಗರು ಅದನ್ನು ಕೂಗಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು ಸಣ್ಣವರೇನಲ್ಲ. 1968ರಿಂದ 1971ರವರೆಗೆ ಮುಖ್ಯಮಂತ್ರಿಯಾಗಿದ್ದವರು. ಅವರ ಪರವಾಗಿ ಜಾರ್ಜ್ ಫರ್ನಾಂಡಿಸ್ ಬಂದು ಜಿಲ್ಲೆಯನ್ನೆಲ್ಲ ಸುತ್ತಿದ್ದರು. ಮತದಾನದ ದಿನ ಭಾನುವಾರ. ನಮ್ಮ ಹತ್ತಿರದ ಎಸ್ಟೇಟಿನ ಲೈನ್ ಮನೆಗಳ ಹೆಂಗಸರು ಬೆಳಗಿನ ಮಂಜಿನಲ್ಲೇ ಕಂಬಳಿ ಹೊದ್ದು, ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಸಾಲಾಗಿ ಬೂತಿನ ಕಡೆ ನಡೆದುಹೋದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಮನೆಯಲ್ಲಿದ್ದ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಅಂದು ಜೀವನದಲ್ಲಿ ಮೊದಲ ಬಾರಿ ಮತ ಹಾಕಿದಳು. ಬೆರಳಿನ ಶಾಯಿ ಅಳಿಸಿಹೋಗಬಾರದೆಂದು ಎರಡು ದಿನ ಎಡಗೈಯನ್ನು ನೀರಿಗೆ ಸೋಕಿಸದೆ ಪಾತ್ರೆ ತೊಳೆದಳು. ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಈ ಇಡೀ ಗದ್ದಲದಲ್ಲಿ ಚಂದ್ರೇಗೌಡರ ಹೆಸರು ಬರುತ್ತಿದ್ದದ್ದು ಒಂದೇ ಒಂದು ಕ್ರಿಯಾಪದದ ಜೊತೆಗೆ: ಬಿಟ್ಟುಕೊಟ್ಟರು. ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಅರಿಯಬೇಕಾದರೆ ಅದಕ್ಕೂ ಒಂದೂವರೆ ವರ್ಷ ಹಿಂದಕ್ಕೆ ಹೋಗಬೇಕು. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ರಾಯ್‌ಬರೇಲಿಯಲ್ಲಿ ಸ್ವತಃ ಪ್ರಧಾನಿಯೇ ರಾಜ್‌ನಾರಾಯಣ್ ಎದುರು ಸೋತರು. ಕರ್ನಾಟಕ ಮಾತ್ರ ಮುಖ್ಯಮಂತ್ರಿ ದೇವರಾಜ ಅರಸರ ಬಲದಿಂದ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಪಕ್ಕದ ಹಾಸನವೇ ಜನತಾ ಪಕ್ಷದ ಪಾಲಾದಾಗಲೂ ಚಿಕ್ಕಮಗಳೂರು ಚಂದ್ರೇಗೌಡರ ಕೈಬಿಡಲಿಲ್ಲ. 1971ರಲ್ಲಿ ಮೊದಲ ಬಾರಿ ಗೆದ್ದಿದ್ದ ಅವರಿಗೆ ಅದು ಎರಡನೆಯ ಗೆಲುವು. ಪ್ರಜಾ ಸಮಾಜವಾದಿ ಪಕ್ಷದಲ್ಲಿ ರಾಜಕೀಯ ಕಲಿತು ಕಾಂಗ್ರೆಸ್ಸಿಗೆ ಬಂದ ವಕೀಲ; ವಯಸ್ಸು ಇನ್ನೂ ನಲವತ್ತೊಂದು ತುಂಬಿರಲಿಲ್ಲ; ದೇಶದಲ್ಲಿ ಪಕ್ಷ ಮುಳುಗುತ್ತಿದ್ದಾಗಲೂ ತನ್ನ ಜಿಲ್ಲೆಯಲ್ಲಿ ತೇಲಿದವನು. ಇನ್ನೂ ಹಲವು ವರ್ಷಗಳ ಅವಧಿ ಬಾಕಿ ಇತ್ತು. ರಾಜಕಾರಣದಲ್ಲಿ ಅದು ಸಣ್ಣ ಆಸ್ತಿಯಲ್ಲ.

ಅದನ್ನು ಬಿಟ್ಟುಕೊಟ್ಟದ್ದನ್ನು ನಮ್ಮ ಕಡೆ ಕೆಲವರು ತ್ಯಾಗವೆಂದರು, ಕೆಲವರು ನಾಯಕಿಯ ಕೃಪೆಗಾಗಿ ಮಾಡಿದ ಲೆಕ್ಕಾಚಾರವೆಂದರು. ನನಗೆ ಎರಡೂ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಲೆಕ್ಕಾಚಾರವೇ ಆಗಿದ್ದಲ್ಲಿ ಅವರು ಇಂದಿರಾ ಗಾಂಧಿಯವರ ನೆರಳಿನಲ್ಲೇ ಉಳಿದು ಬಡ್ಡಿಸಮೇತ ಫಲ ಪಡೆಯಬೇಕಿತ್ತು. ವಿಧಾನ ಪರಿಷತ್ತಿನ ಸದಸ್ಯತ್ವ, ಅರಸರ ಸಂಪುಟದಲ್ಲಿ ಮಂತ್ರಿ ಪದವಿ ಬಂದವು ನಿಜ. ಆದರೆ 1979ರಲ್ಲಿ ಅರಸರಿಗೂ ಇಂದಿರಾ ಗಾಂಧಿಯವರಿಗೂ ಸಂಬಂಧ ಮುರಿದಾಗ ಚಂದ್ರೇಗೌಡರು ನಿಂತದ್ದು ಅರಸರ ಜೊತೆಗೆ. 1980ರ ಜನವರಿಯಲ್ಲಿ ಇಂದಿರಾ ದೆಹಲಿಗೆ ಪ್ರಧಾನಿಯಾಗಿ ಮರಳಿದರು, ಇಲ್ಲಿ ಅರಸರು ಅಧಿಕಾರ ಕಳೆದುಕೊಂಡು ಗುಂಡೂರಾಯರು ಮುಖ್ಯಮಂತ್ರಿಯಾದರು. ಕ್ಷೇತ್ರ ಬಿಟ್ಟುಕೊಟ್ಟು ಎರಡು ವರ್ಷ ತುಂಬುವ ಮೊದಲೇ, ಆ ಕ್ಷೇತ್ರ ಪಡೆದವರ ಎದುರು ಪಾಳೆಯದಲ್ಲಿ, ಅದೂ ಸೋತ ಪಾಳೆಯದಲ್ಲಿ ಅವರಿದ್ದರು. ತ್ಯಾಗದ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗಕ್ಕೆ ಬರುವುದೇ ಇಲ್ಲ.

ತ್ಯಾಗವೆಂಬ ಮಾತಿನ ಬಗ್ಗೆ ನನಗಿರುವ ತಕರಾರು ಬೇರೆ. ಲೋಕಸಭೆಯ ಸ್ಥಾನ ಒಬ್ಬರು ಇನ್ನೊಬ್ಬರಿಗೆ ಕೊಡಬಹುದಾದ ಗದ್ದೆಯೋ ತೋಟವೋ ಅಲ್ಲ. ಜನ ಕೊಟ್ಟದ್ದನ್ನು ಜನಕ್ಕೇ ಹಿಂದಿರುಗಿಸಬಹುದು. ಆಮೇಲೆ ಅದು ಯಾರಿಗೆ ಎಂದು ಹೇಳುವವರು ಜನವೇ. 1978ರಲ್ಲಿ ಆದದ್ದೂ ಅದೇ, ಬೂತಿಗೆ ನಡೆದುಹೋದ ಆ ಹೆಂಗಸರೇ ಅದಕ್ಕೆ ಸಾಕ್ಷಿ. ಆದರೆ ಮುಂದೆ ನಡೆದದ್ದು ನಮ್ಮ ಜಿಲ್ಲೆಗೆ ನೋವಿನ ಸಂಗತಿ. ನವೆಂಬರಿನಲ್ಲಿ ನಾವು ಆರಿಸಿ ಕಳಿಸಿದ ಸದಸ್ಯೆಯನ್ನು, ಮಾರುತಿ ಕಾರ್ಖಾನೆಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ವಿಷಯದಲ್ಲಿ, ಡಿಸೆಂಬರ್ 19ರಂದು ಲೋಕಸಭೆ ಹೊರಹಾಕಿತು. ಅವರನ್ನು ತಿಹಾರ್ ಜೈಲಿಗೂ ಕಳಿಸಲಾಯಿತು, ಒಂದು ವಾರದ ನಂತರ ಬಿಡುಗಡೆಯಾಯಿತು. ಆ ಉಚ್ಚಾಟನೆಯ ನಿರ್ಣಯವನ್ನು ಮುಂದಿನ ಲೋಕಸಭೆ 1981ರ ಮೇ ತಿಂಗಳಲ್ಲಿ ರದ್ದುಪಡಿಸಿತು, ಆದರೆ ಅಷ್ಟರಲ್ಲಿ ಅದರಿಂದ ಚಿಕ್ಕಮಗಳೂರಿಗೆ ಆಗಬೇಕಾದ್ದೇನೂ ಉಳಿದಿರಲಿಲ್ಲ. 1980ರ ಚುನಾವಣೆಗೆ ಇಂದಿರಾ ರಾಯ್‌ಬರೇಲಿ ಮತ್ತು ಮೇದಕ್‌ಗಳನ್ನು ಆರಿಸಿಕೊಂಡರು. ದೇಶದ ಕಣ್ಣು ನಮ್ಮ ಮೇಲೆ ನೆಟ್ಟಿದ್ದು ಕೆಲವೇ ವಾರಗಳು. ಚಿಕ್ಕಮ್ಮ ಬಹಳ ದಿನ 'ನಾವು ಹಾಕಿದ ವೋಟು ಎಲ್ಲಿಗೆ ಹೋಯ್ತು?' ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪನಲ್ಲಿ ಉತ್ತರವಿರಲಿಲ್ಲ.

ಚಂದ್ರೇಗೌಡರ ಬದುಕಿನ ನಿಜವಾದ ತೂಕ ಇರುವುದು ಇದಾದ ಐದು ವರ್ಷಗಳ ಮೇಲೆ ಎಂದು ನಾನು ನಂಬಿದ್ದೇನೆ.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಸ್ಥಾನ. 224 ಜನರ ಸದನದಲ್ಲಿ ಬಹುಮತಕ್ಕೆ 113 ಬೇಕು. ಬಿಜೆಪಿಯ 18 ಶಾಸಕರು, ಎಡಪಕ್ಷಗಳವರು ಮತ್ತು ಪಕ್ಷೇತರರು ಹೊರಗಿನಿಂದ ಕೊಟ್ಟ ಬೆಂಬಲದ ಮೇಲೆ ರಾಮಕೃಷ್ಣ ಹೆಗಡೆಯವರ ಸರ್ಕಾರ ನಿಂತಿತ್ತು. ಮುಖ್ಯಮಂತ್ರಿಯಾದಾಗ ಹೆಗಡೆಯವರು ಶಾಸಕರೂ ಆಗಿರಲಿಲ್ಲ, ಆಮೇಲೆ ಕನಕಪುರದಿಂದ ಆರಿಸಿಬಂದರು. ಅಂಥ ಸದನಕ್ಕೆ ಸಭಾಧ್ಯಕ್ಷರಾಗಿ ಆಯ್ಕೆಯಾದವರು ತೀರ್ಥಹಳ್ಳಿಯಿಂದ ಜನತಾ ಪಕ್ಷದ ಮೇಲೆ ಗೆದ್ದುಬಂದ ಚಂದ್ರೇಗೌಡರು. ತೀರ್ಥಹಳ್ಳಿ ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಮಾತು ಇನ್ನೂ ಕಿವಿಯಲ್ಲಿದ್ದ ಸೀಮೆ. ಸಮಾಜವಾದಿಯಾಗಿ ರಾಜಕೀಯ ಶುರುಮಾಡಿದವರನ್ನು ಅದು ತನ್ನವರೆಂದು ಒಪ್ಪಿಕೊಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಸಭಾಧ್ಯಕ್ಷರ ಪೀಠದ ಕಷ್ಟವನ್ನು ನಾವು ಸರಿಯಾಗಿ ಗ್ರಹಿಸುವುದಿಲ್ಲ. ಸದನದಲ್ಲಿ ಸದಾ ಕಾಣುವವರು ಅವರು, ಆದರೆ ನಮ್ಮ ನೆನಪಿಗೆ ಅತ್ಯಂತ ಕಡಿಮೆ ಬರುವವರೂ ಅವರೇ. ಸಂವಿಧಾನದ 189ನೆಯ ವಿಧಿಯ ಪ್ರಕಾರ ಅವರು ಮೊದಲಿಗೆ ಮತ ಹಾಕುವಂತಿಲ್ಲ. ಎರಡೂ ಕಡೆ ಮತಗಳು ಸಮಸಮವಾದಾಗ ಮಾತ್ರ ಅವರ ನಿರ್ಣಾಯಕ ಮತ. ಎಂದರೆ ಒಂದೊಂದು ತಲೆಯನ್ನೂ ಎಣಿಸಿಕೊಂಡು ಉಸಿರಾಡುವ ಅಲ್ಪಮತದ ಸರ್ಕಾರ ತನ್ನ ಒಬ್ಬ ಸದಸ್ಯನನ್ನು ಎಣಿಕೆಯಿಂದ ತೆಗೆದು ಆ ಪೀಠದಲ್ಲಿ ಕೂರಿಸಬೇಕು. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ಪಕ್ಷಾಂತರ ನಿಷೇಧಕ್ಕೆ ಸಂವಿಧಾನದ ಹತ್ತನೆಯ ಅನುಸೂಚಿ ಬಂದದ್ದು 1985ರಲ್ಲಿ. ಅದಕ್ಕೂ ಮೊದಲಿನ ಆ ಎರಡು ವರ್ಷ, ಶಾಸಕನೊಬ್ಬ ಬೆಳಿಗ್ಗೆ ಒಂದು ಸಾಲಿನಲ್ಲಿ ಕೂತು ಸಂಜೆ ಇನ್ನೊಂದು ಸಾಲಿಗೆ ಹೋದರೂ ಅವನ ಸದಸ್ಯತ್ವಕ್ಕೆ ಚ್ಯುತಿಯಿರಲಿಲ್ಲ, ಅವನನ್ನು ಅನರ್ಹಗೊಳಿಸುವ ಅಧಿಕಾರ ಸಭಾಧ್ಯಕ್ಷರಿಗೂ ಇರಲಿಲ್ಲ. ಇಂದು ಸಭಾಧ್ಯಕ್ಷರ ಕೈಯಲ್ಲಿ ಅನರ್ಹತೆಯ ಅಸ್ತ್ರವಿದೆ, ಅದನ್ನು ಬಳಸುವ ರೀತಿಯ ಬಗ್ಗೆ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆಯುತ್ತದೆ. ಅಂದು ಅವರ ಬಳಿ ಇದ್ದದ್ದು ನಿಯಮಾವಳಿಯ ಪುಸ್ತಕ, ಎರಡೂ ಕಡೆಯವರಿಗೆ ತಮ್ಮ ಮೇಲಿರುವ ನಂಬಿಕೆ, ಅಷ್ಟೇ. ಸರ್ಕಾರ ಬೀಳುತ್ತದೆಂಬ ಗುಲ್ಲು ಅಧಿವೇಶನಕ್ಕೊಮ್ಮೆ ಏಳುತ್ತಿದ್ದ ಕಾಲದಲ್ಲಿ ಆ ಸದನ ಎರಡು ವರ್ಷ ನಡೆಯಿತು.

ನಡೆದದ್ದಷ್ಟೇ ಅಲ್ಲ, ಅದು ಕಾನೂನುಗಳನ್ನು ಮಾಡಿತು. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತಿಗಳ 1983ರ ಕಾಯಿದೆ ಆ ಸದನದ್ದು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರು ಅದರ ಹಿಂದಿನ ಶಕ್ತಿ ಎಂಬುದನ್ನು ಕರ್ನಾಟಕ ಮರೆತಿಲ್ಲ. ಲೋಕಾಯುಕ್ತ ಸಂಸ್ಥೆಯನ್ನು ಹುಟ್ಟುಹಾಕಿದ 1984ರ ಕಾಯಿದೆಯೂ ಆ ಸದನದ್ದೇ. ಈ ಕಾಯಿದೆಗಳ ಕೀರ್ತಿ ಮುಖ್ಯಮಂತ್ರಿಗೆ, ಇಲಾಖೆಯ ಮಂತ್ರಿಗೆ ಸಲ್ಲುತ್ತದೆ, ಸಲ್ಲಬೇಕಾದ್ದೂ ನ್ಯಾಯ. ಆದರೆ ಮಸೂದೆ ಮಂಡನೆಯಾದ ದಿನದಿಂದ ಅದಕ್ಕೆ ತಿದ್ದುಪಡಿಗಳು ಬಂದು, ವಿರೋಧ ಪಕ್ಷದವರು ಮಾತಾಡಿ, ಒಂದೊಂದೇ ಕಲಮು ಮತಕ್ಕೆ ಬಿದ್ದು, ಕೊನೆಗೆ 'ಹೌದು ಎನ್ನುವವರು ಹೆಚ್ಚು' ಎಂದು ಪೀಠದಿಂದ ಘೋಷಣೆಯಾಗುವವರೆಗೆ ಆ ಹಾದಿಯನ್ನು ಕಾಯ್ದವರು ಯಾರು ಎಂದು ಯಾರೂ ಕೇಳುವುದಿಲ್ಲ. ನಮ್ಮ ಗದ್ದೆಗಳಲ್ಲಿ ನೀರು ಹಾಯಿಸುವವನು ಒಬ್ಬ, ಬದು ಒಡೆಯದಂತೆ ರಾತ್ರಿಯೆಲ್ಲ ಕಾಯುವವನು ಇನ್ನೊಬ್ಬ. ಫಸಲು ಬಂದಾಗ ಹೆಸರು ಬರುವುದು ಮೊದಲನೆಯವನಿಗೆ.

1984ರ ಕೊನೆಯಲ್ಲಿ, ಇಂದಿರಾ ಹತ್ಯೆಯ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಸ್ಥಾನ ಗೆದ್ದಾಗ ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸದಾಗಿ ಜನಾದೇಶ ಕೇಳಿದರು. ಹಾಗೆ ಆ ವಿಧಾನಸಭೆಯೂ, ಆ ಪೀಠದಲ್ಲಿ ಚಂದ್ರೇಗೌಡರ ಕಾಲವೂ ಮುಗಿಯಿತು. 1986ರಲ್ಲಿ ಅವರು ರಾಜ್ಯಸಭೆಗೆ ಹೋದರು. 1989ರಲ್ಲಿ ಮತ್ತೆ ತೀರ್ಥಹಳ್ಳಿ, ಈ ಸಲ ಜನತಾದಳದಿಂದ. ಕಾಂಗ್ರೆಸ್ 178 ಸ್ಥಾನ ಗೆದ್ದು ಜನತಾದಳ 24ಕ್ಕೆ ಇಳಿದ ಆ ಚುನಾವಣೆಯಲ್ಲಿ ಗೆದ್ದ ಕೆಲವೇ ಮಂದಿಯಲ್ಲಿ ಅವರೊಬ್ಬರು; ಆ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರೂ ಆದರು. ಇತ್ತ ಆಡಳಿತದ ಸಾಲಿನಲ್ಲಿ ಮುಖ್ಯಮಂತ್ರಿಯಾಗಿ ಕೂತವರು ಯಾರು? ಹನ್ನೊಂದು ವರ್ಷಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ಸೋತಿದ್ದ, ಆಮೇಲೆ ಕಾಂಗ್ರೆಸ್ಸಿಗೆ ಮರಳಿದ್ದ ವೀರೇಂದ್ರ ಪಾಟೀಲರು. ಇಂದಿರಾ ಅವರಿಗಾಗಿ ಕ್ಷೇತ್ರ ಬಿಟ್ಟವರು ಕಾಂಗ್ರೆಸ್ಸಿನ ವಿರೋಧಿ; ಇಂದಿರಾ ವಿರುದ್ಧ ಅದೇ ಕ್ಷೇತ್ರದಲ್ಲಿ ಸೆಣಸಿದವರು ಕಾಂಗ್ರೆಸ್ಸಿನ ಮುಖ್ಯಮಂತ್ರಿ. ಕರ್ನಾಟಕದ ರಾಜಕಾರಣದಲ್ಲಿ ಪಕ್ಷಗಳು ಎಷ್ಟು ಸಡಿಲವಾದ ಮನೆಗಳಾಗಿದ್ದವು ಎಂಬುದನ್ನು ತಿಳಿಯಲು ನನಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಕಂಡಿಲ್ಲ.

ಇಲ್ಲಿಗೆ ಬಂದಾಗ ಪಕ್ಷಾಂತರದ ಮಾತನ್ನು ಆಡಲೇಬೇಕು, ಮೆಚ್ಚುವವರು ಅದನ್ನು ಬದಿಗೆ ಸರಿಸಬಾರದು. ಪ್ರಜಾ ಸಮಾಜವಾದಿ ಪಕ್ಷ, ಕಾಂಗ್ರೆಸ್, ಅರಸು ಕಾಂಗ್ರೆಸ್, ಜನತಾ, ಜನತಾದಳ, ಮತ್ತೆ ಕಾಂಗ್ರೆಸ್, ಕೊನೆಗೆ ಬಿಜೆಪಿ. ಇವುಗಳಲ್ಲಿ ಅರಸರ ಜೊತೆ ಹೋದದ್ದು, ಅಲ್ಲಿಂದ ಜನತಾಕ್ಕೆ ಹೋದದ್ದು ನನಗೆ ಒಂದೇ ಹಾದಿಯ ತಿರುವುಗಳಾಗಿ ಕಾಣುತ್ತವೆ. 1999ರಲ್ಲಿ ಕಾಂಗ್ರೆಸ್ಸಿನಿಂದ ಶೃಂಗೇರಿಯಲ್ಲಿ ಗೆದ್ದು ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಮಂತ್ರಿಯಾದದ್ದನ್ನೂ, ಅಂದಿನ ಜನತಾದಳ ಒಡೆದು ಚೂರಾದ ಸ್ಥಿತಿ ನೆನೆದು, ಕಷ್ಟಪಟ್ಟು ಒಪ್ಪಬಹುದು. ಮಾಹಿತಿ ಹಕ್ಕಿಗೆ ದೇಶಕ್ಕಿಂತ ಮೊದಲೇ ರಾಜ್ಯ ತನ್ನದೊಂದು ಕಾಯಿದೆಯನ್ನು 2000ದಲ್ಲಿ ಮಾಡಿಕೊಂಡದ್ದು ಆ ಸರ್ಕಾರದ ಕಾಲದಲ್ಲೇ. ಆದರೆ ಸಮಾಜವಾದದಿಂದ ಹೊರಟವರು ಎಪ್ಪತ್ತು ದಾಟಿದ ಮೇಲೆ ಬಿಜೆಪಿ ಸೇರಿ, 2009ರಲ್ಲಿ ಬೆಂಗಳೂರು ಉತ್ತರದಿಂದ ಜಾಫರ್ ಷರೀಫರನ್ನು ಸೋಲಿಸಿ ಲೋಕಸಭೆಗೆ ಹೋದದ್ದಕ್ಕೆ ಯಾವ ತತ್ವದ ನೂಲು ಹಿಡಿದು ಹೋದರೂ ನನಗೆ ದಾರಿ ಸಿಕ್ಕಿಲ್ಲ. ನಮ್ಮ ಪಕ್ಕದ ಕೊಪ್ಪದ ಎಚ್.ಜಿ. ಗೋವಿಂದೇಗೌಡರನ್ನು ನೆನೆದಾಗ ಈ ಕೊರತೆ ಇನ್ನಷ್ಟು ಚುಚ್ಚುತ್ತದೆ. ಶಿಕ್ಷಣ ಮಂತ್ರಿಯಾಗಿ ಲಂಚದ ಸೋಂಕಿಲ್ಲದೆ ಸಾವಿರಾರು ಮೇಷ್ಟರುಗಳ ನೇಮಕಾತಿ ಮಾಡಿ, ಸಾಕೆನಿಸಿದಾಗ ಚುನಾವಣೆಯಿಂದಲೇ ಹಿಂದೆ ಸರಿದ ಅವರ ರೀತಿಯೇ ಬೇರೆ.

ಆದರೂ ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು, ಅದನ್ನು ಮೂಡಿಗೆರೆಯವರಲ್ಲದೆ ಬೇರೆಯವರು ಹೇಳಲಾರರು. 1978ರ ಚುನಾವಣೆಯ ಹೊತ್ತಿಗೆ ಮೂಡಿಗೆರೆ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ಇಂದಿಗೂ ಆಗಿದೆ. ಮೋಟಮ್ಮನವರಂಥ ನಾಯಕಿ ಮೇಲೆ ಬಂದದ್ದು ಅದರಿಂದಲೇ, ಅದು ಆಗಬೇಕಾದ ಕೆಲಸವೂ ಹೌದು. ಆದರೆ ಅದರ ಅರ್ಥ, ದಾರದಹಳ್ಳಿಯ ಚಂದ್ರೇಗೌಡರು ತಮ್ಮ ಸ್ವಂತ ತಾಲ್ಲೂಕಿನಿಂದ ವಿಧಾನಸಭೆಗೆ ನಿಲ್ಲುವ ಹಾಗೇ ಇರಲಿಲ್ಲ. ಇದ್ದ ಒಂದು ಮನೆಯಂಥ ಕ್ಷೇತ್ರವೆಂದರೆ ಚಿಕ್ಕಮಗಳೂರು ಲೋಕಸಭೆ. ಅದನ್ನು ಅವರು 1978ರಲ್ಲಿ ಬಿಟ್ಟರು. 1980ರಲ್ಲಿ ಅಲ್ಲಿಂದ ಇಂದಿರಾ ಕಾಂಗ್ರೆಸ್ಸಿನ ಡಿ.ಎಂ. ಪುಟ್ಟೇಗೌಡರು ಗೆದ್ದರು. ಆಮೇಲೆ ಚಂದ್ರೇಗೌಡರು ತುಂಗೆಯ ದಂಡೆಯ ತೀರ್ಥಹಳ್ಳಿ, ಶೃಂಗೇರಿ, ಕಡೆಗೆ ಬೆಂಗಳೂರು ಎಂದು ಸುತ್ತಿದರು, ಆದರೆ ಚಿಕ್ಕಮಗಳೂರಿನ ಸಂಸದರಾಗಿ ಮತ್ತೆಂದೂ ಲೋಕಸಭೆಗೆ ಹೋಗಲಿಲ್ಲ. ಮನೆಯಿಲ್ಲದ ರಾಜಕಾರಣಿ ಯಾವುದಾದರೂ ಪಕ್ಷದ ಛತ್ರದಲ್ಲಿ ತಂಗಬೇಕಾಗುತ್ತದೆ. ಇದು ಪಕ್ಷಾಂತರಕ್ಕೆ ಸಮರ್ಥನೆಯಲ್ಲ. ಆದರೆ ಅವರು ಬಿಟ್ಟುಕೊಟ್ಟದ್ದು ಉಳಿದಿದ್ದ ಅವಧಿಯನ್ನಷ್ಟೇ ಅಲ್ಲ, ಮುಂದಿನ ಮೂವತ್ತು ವರ್ಷ ಕಾಲೂರುವ ನೆಲವನ್ನು ಎಂದು ನನಗೆ ಅರ್ಥವಾದದ್ದು ಈ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಂಡ ಮೇಲೆ.

2014ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಡಿ.ವಿ. ಸದಾನಂದಗೌಡರನ್ನು ನಿಲ್ಲಿಸಿತು. ಚಂದ್ರೇಗೌಡರ ಕೊನೆಯ ದಿನಗಳು ಹುಟ್ಟೂರು ದಾರದಹಳ್ಳಿಯಲ್ಲೇ ಕಳೆದವು.

ಅವರು ಹೋದ ದಿನ ರಾತ್ರಿ ನಾನು ಚಿಕ್ಕಮ್ಮನಿಗೆ ಸುದ್ದಿ ಹೇಳಿದೆ. ಈಗ ಅವಳಿಗೆ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ನಾನು ಇಂದಿರಮ್ಮನ ಚುನಾವಣೆಯ ಮಾತು ತೆಗೆಯುತ್ತಾಳೆಂದು ಕಾದೆ. ಅವಳು ತೆಗೆದದ್ದು 1987ರ ಮಾತನ್ನು. 1983ರಲ್ಲಿ ಆ ಸದನ ಒಪ್ಪಿದ ಪಂಚಾಯತ್ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಅದರಡಿ ಮೊದಲ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸ್ಥಾನಗಳಲ್ಲಿ ನೂರಕ್ಕೆ ಇಪ್ಪತ್ತೈದು ಹೆಂಗಸರಿಗೆ ಮೀಸಲು. ಏಳನೇ ಕ್ಲಾಸಿನವರೆಗೆ ಓದಿದ್ದ ಚಿಕ್ಕಮ್ಮ ನಮ್ಮ ಮಂಡಲ ಪಂಚಾಯತಿಗೆ ಸದಸ್ಯೆಯಾದಳು. ಮೊದಲ ಸಭೆಗೆ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು ನಾನೇ, ಕಾಲೇಜು ಹುಡುಗ. ಪಂಚಾಯತಿ ಕಟ್ಟಡದಲ್ಲಿ ಗಂಡಸರಿಗಷ್ಟೇ ಕುರ್ಚಿಗಳಿದ್ದವು. ಹೆಂಗಸರು ಗೋಡೆಯ ಪಕ್ಕ ಬೆಂಚಿನ ಮೇಲೆ ಕೂರಬೇಕಿತ್ತು. ಚಿಕ್ಕಮ್ಮ ಬೆಂಚಿನ ಹತ್ತಿರ ಹೋಗಲಿಲ್ಲ. ಕುರ್ಚಿ ಬರುವವರೆಗೆ ನಿಂತೇ ಇದ್ದಳು, ಅವಳ ಜೊತೆ ಇನ್ನಿಬ್ಬರು ಹೆಂಗಸರೂ ನಿಂತರು. ಕೊನೆಗೆ ಪಕ್ಕದ ಶಾಲೆಯಿಂದ ಮೂರು ಮರದ ಕುರ್ಚಿ ತರಿಸಿದರು.

'ಅದು ಇವರು ಯಜಮಾನರಾಗಿದ್ದ ಸಭೇಲಿ ಆದ ಕಾನೂನಲ್ವೇನೋ?' ಎಂದು ಕೇಳಿದಳು. ಹೌದೆಂದೆ. ಮಾರನೆಯ ದಿನ ಬೆಳಿಗ್ಗೆ ದಾರದಹಳ್ಳಿಗೆ ಹೋಗೋಣವೆಂದಳು. ಹೋದೆವು. ದಾರಿಯುದ್ದಕ್ಕೂ ತೋಟಗಳಲ್ಲಿ ಹಣ್ಣು ಕೆಂಪಾಗಿತ್ತು, ಕುಯ್ಲು ಅಲ್ಲಲ್ಲಿ ಶುರುವಾಗಿತ್ತು. ಜನಸಾಗರದ ನಡುವೆ ಅವಳ ಕೈ ಹಿಡಿದು ನಿಧಾನವಾಗಿ ಮುಂದೆ ಸರಿಯುವಾಗ, ಬೆಂಗಳೂರಿನಿಂದ ಬಂದಿದ್ದ ಟಿವಿಯ ಹುಡುಗನೊಬ್ಬ ಮೈಕು ಹಿಡಿದು, ಅಜ್ಜಿ, ಇಂದಿರಾ ಗಾಂಧಿಯವರ ಚುನಾವಣೆ ನಿಮಗೆ ನೆನಪಿದೆಯಾ ಎಂದು ಕೇಳಿದ. ಚಿಕ್ಕಮ್ಮ ನೆನಪಿದೆ ಎಂದು ತಲೆಯಾಡಿಸಿ, ಬಾಗಿಲಿನ ಕಡೆಗೆ ನಡೆದಳು.